ದೂರದ ಗಣಕದೊಡನೆ ಗುಟ್ಟಿನ ಮಾತು

ವಿದ್ಯಾರ್ಥಿಯೊಬ್ಬನು ತನ್ನ ಕೊಠಡಿಯಲ್ಲಿ ಕುಳಿತು ಕೀಲಿಮಣೆಯನ್ನು ಒತ್ತುತ್ತಾನೆ. ನೂರಾರು ಮೈಲಿಗಳಾಚೆಯ ದೊಡ್ಡ ಗಣಕಯಂತ್ರವೊಂದು ಅವನ ಆಜ್ಞೆಯಂತೆ ಲೆಕ್ಕ ಮಾಡಿ ಉತ್ತರವನ್ನು ಕಳುಹಿಸುತ್ತದೆ. ಇಲ್ಲಿ ಅವನ ಯಂತ್ರದ ಪಾಲಿನ ಕೆಲಸ ಅಲ್ಪವೇ ಸರಿ: ಒತ್ತಿದ ಅಕ್ಷರಗಳನ್ನು ಅತ್ತ ಸಾಗಿಸುವುದು, ಬಂದ ಅಕ್ಷರಗಳನ್ನು ತೆರೆಯ ಮೇಲೆ ತೋರಿಸುವುದು. ಈ ಕೆಲಸವನ್ನು ನಡೆಸುವ ತಂತ್ರಾಂಶಕ್ಕೆ ಟರ್ಮಿನಲ್ ಎಂದು ಹೆಸರು. ದೂರದ ಗಣಕದಲ್ಲಿ ಅವನಿಗೆಂದು ಮೀಸಲಾದ ಸ್ಥಾನವೇ ಅವನ ಖಾತೆ. ಅದನ್ನು ತೆರೆಯಲು ಸಾಮಾನ್ಯವಾಗಿ ಗುಪ್ತಪದವೊಂದು ಬೇಕು.

ಈ ಗುಪ್ತಪದವು ದಾರಿಯಲ್ಲಿ ಪರರ ಕೈಗೆ ಸಿಕ್ಕಿದರೆ ಗತಿಯೇನು? ೧೯೬೯ರಲ್ಲಿ ಆರಂಭವಾದ ‘ಟೆಲ್‌ನೆಟ್’ ಪದ್ಧತಿಯಲ್ಲಿ ಅಕ್ಷರಗಳೆಲ್ಲ ಬಯಲಾಗಿಯೇ ಸಾಗುತ್ತಿದ್ದುವು. ಅಂಚೆಯ ಕಾರ್ಡಿನ ಒಕ್ಕಣೆಯನ್ನು ಯಾರು ಬೇಕಾದರೂ ಓದಬಹುದಷ್ಟೆ, ಇದೂ ಹಾಗೆಯೇ. ೧೯೯೫ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಗುಪ್ತಪದಗಳು ಹೀಗೆ ಕಳವಾದುವು. ಅಲ್ಲಿನ ಸಂಶೋಧಕ ಟಾಟು ಯುಲೋನೆನ್ ಅವರು ಅದೇ ವರ್ಷ ‘ಎಸ್‌ಎಸ್‌ಎಚ್’ ಎಂಬ ಸುರಕ್ಷಿತ ಪದ್ಧತಿಯನ್ನು ರಚಿಸಿದರು.

ಎರಡು ಯಂತ್ರಗಳೂ ಒಂದೇ ರಹಸ್ಯ ಸಂಖ್ಯೆಯನ್ನು ಬಲ್ಲವಾದರೆ, ಅದನ್ನೇ ಕೀಲಿಯಾಗಿಸಿಕೊಂಡು ಮಾತನ್ನೆಲ್ಲ ಸಂಕೇತವಾಗಿ ಮಾರ್ಪಡಿಸಬಹುದು. ಆದರೆ ಆ ಸಂಖ್ಯೆಯನ್ನೇ ಬಯಲು ದಾರಿಯಲ್ಲಿ ಕಳುಹಿಸುವುದೆಂತು? ಕಳುಹಿಸಬೇಕಾಗಿಯೇ ಇಲ್ಲವೆಂದು ೧೯೭೬ರಲ್ಲಿ ಅಮೆರಿಕದ ಡಿಫೀ ಮತ್ತು ಹೆಲ್ಮನ್ ತೋರಿಸಿಕೊಟ್ಟರು.

ಅವರ ಉಪಾಯವನ್ನು ಚಿಕ್ಕ ಲೆಕ್ಕದಿಂದ ತಿಳಿಯೋಣ. ೨ ಮತ್ತು ಅವಿಭಾಜ್ಯವಾದ ೧೯, ಈ ಎರಡು ಸಂಖ್ಯೆಗಳು ಎಲ್ಲರಿಗೂ ಗೊತ್ತಿರಲಿ. ನಾವು ಮನಸ್ಸಿನಲ್ಲಿ ೫ ಎಂದುಕೊಂಡು, ೨ರ ಐದನೆಯ ಘಾತವಾದ ೩೨ನ್ನು ೧೯ರಿಂದ ಭಾಗಿಸಿ, ಶೇಷವಾದ ೧೩ನ್ನು ಕಳುಹಿಸುತ್ತೇವೆ. ದೂರದ ಗಣಕವು ೩ನ್ನು ಬಚ್ಚಿಟ್ಟುಕೊಂಡು, ೨ರ ಮೂರನೆಯ ಘಾತವಾದ ೮ನ್ನು ಕಳುಹಿಸುತ್ತದೆ. ಈಗ ನಾವು ೮ರ ಐದನೆಯ ಘಾತವಾದ ೩೨,೭೬೮ನ್ನು ೧೯ರಿಂದ ಭಾಗಿಸಿದರೆ ಶೇಷ ೧೨. ಅತ್ತ ಗಣಕವು ೧೩ರ ಮೂರನೆಯ ಘಾತವಾದ ೨,೧೯೭ನ್ನು ೧೯ರಿಂದ ಭಾಗಿಸಿದರೆ ಅಲ್ಲಿಯೂ ಶೇಷ ೧೨! ಈ ೧೨ ತಂತಿಯ ಮೇಲೆ ಹರಿಯಲೇ ಇಲ್ಲ. ಕದ್ದು ಕೇಳಿದವನಿಗೆ ದೊರೆತವು ೧೩ ಮತ್ತು ೮ ಮಾತ್ರ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ಅವನು ಗುಟ್ಟನ್ನು ಕಂಡುಹಿಡಿದಾನು. ೬೦೦ ಅಂಕಿಗಳಿಗೂ ಮಿಕ್ಕ ಅವಿಭಾಜ್ಯ ಸಂಖ್ಯೆಯನ್ನು ಬಳಸಿದರೆ ಇಂದಿನ ಗಣಕಗಳಿಗೂ ಅದು ಸಾಧ್ಯವಿಲ್ಲ.

ಆದರೂ ಒಂದು ಸಂದೇಹ ಉಳಿಯುತ್ತದೆ. ನಮ್ಮೊಡನೆ ಈ ಲೆಕ್ಕವನ್ನು ಮಾಡಿದುದು ನಿಜವಾಗಿಯೂ ದೂರದ ಆ ಗಣಕವೆ, ಅಥವಾ ನಡುದಾರಿಯ ವಂಚಕನೆ? ಬೀಗ ಭದ್ರವಾಗಿದ್ದರೂ ಕೀಲಿಯ ಪಾಲುಗಾರನೇ ಕಳ್ಳನಾದರೆ ಫಲವೇನು? ಇದಕ್ಕಾಗಿ ಗಣಕವು ತನ್ನದೇ ಆದ ಗುರುತಿನ ಕೀಲಿಯಿಂದ ಈ ವಿನಿಮಯಕ್ಕೆ ರುಜು ಹಾಕುತ್ತದೆ. ಗುಪ್ತಪದವು ಹೊರಡುವುದು ಆ ರುಜು ಒಪ್ಪಿಗೆಯಾದ ಮೇಲೆಯೇ.

ಮೊದಲನೆಯ ಸಲ ಸಂಪರ್ಕಿಸಿದಾಗ ತೆರೆಯ ಮೇಲೆ ಒಂದು ಅಕ್ಷರಮಾಲೆ ಕಾಣಿಸುತ್ತದೆ. ಅದು ಆ ಗುರುತಿನ ಕೀಲಿಯ ಹೆಬ್ಬೆಟ್ಟಿನ ಒತ್ತು ಇದ್ದಂತೆ. ‘ಇದನ್ನು ನಂಬಬಹುದೆ?’ ಎಂದು ತಂತ್ರಾಂಶವು ಕೇಳುತ್ತದೆ. ಓದದೆಯೇ ‘ಹೌದು’ ಎಂದುಬಿಡುವವರು ಬಹುಮಂದಿ. ಹಾಗೆ ಮಾಡಬಾರದು. ಗಣಕದ ಮೇಲ್ವಿಚಾರಕರಿಂದ ದೂರವಾಣಿಯಲ್ಲೋ ಕಾಗದದ ಮೇಲೋ ಆ ಗುರುತನ್ನು ಪಡೆದು, ತೆರೆಯ ಮೇಲಿನದರೊಡನೆ ಹೋಲಿಸಿ ನೋಡಬೇಕು. ಒಮ್ಮೆ ಒಪ್ಪಿದ ಗುರುತನ್ನು ತಂತ್ರಾಂಶವು ನೆನಪಿನಲ್ಲಿಟ್ಟುಕೊಂಡು, ಮುಂದೆ ಅದು ಬದಲಾದರೆ ಎಚ್ಚರಿಸುತ್ತದೆ. ಅಲ್ಲಿ ಹೊಸ ಯಂತ್ರವನ್ನು ಸ್ಥಾಪಿಸಿರಬಹುದು, ಮೋಸವೂ ಇರಬಹುದು. ವಿಚಾರಿಸಿ ತಿಳಿದುಕೊಳ್ಳುವವರೆಗೆ ಗುಪ್ತಪದವನ್ನು ಒತ್ತದಿರುವುದೇ ಲೇಸು.