ವಿಶೇಷ ಅಗತ್ಯವುಳ್ಳ ಮಕ್ಕಳ ಸಮನ್ವಯ ಶಿಕ್ಷಣ: ಶಿಕ್ಷಕರ ಕಲಿಕಾ ಸಂಪನ್ಮೂಲಗಳು ಹಾಗೂ ಪೋಷಕರಿಗೆ ಮಾಹಿತಿ

ಅಂಗವಿಕಲತೆಯ ಪ್ರಮಾಣಪತ್ರ ದೊರೆತ ನಂತರವೇ ಮಗುವನ್ನು ಶಾಲೆಗೆ ಸೇರಿಸಬೇಕೆಂದು ಅನೇಕ ಪೋಷಕರು ಭಾವಿಸುವುದುಂಟು. ಇದು ಸರಿಯಲ್ಲ. ಪ್ರವೇಶಕ್ಕೆ ಈ ಪ್ರಮಾಣಪತ್ರದ ಅಗತ್ಯವಿಲ್ಲ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 16ನೇ ಪ್ರಕರಣದನ್ವಯ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂತಹ ಮಕ್ಕಳಿಗೆ ತಾರತಮ್ಯವಿಲ್ಲದೆ ಪ್ರವೇಶ ನೀಡಿ, ಇತರ ಮಕ್ಕಳೊಂದಿಗೆ ಕಲಿಸತಕ್ಕದ್ದು.

ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಸೇರಿದ ಮಾತ್ರಕ್ಕೆ ಮಗು ಕಲಿಯುವುದಿಲ್ಲ. ಬೋಧನೆಯ ಕ್ರಮವೂ ಬದಲಾಗಬೇಕು. ಶಿಕ್ಷಕರ ತರಬೇತಿ ಸಾಹಿತ್ಯದ ಉದ್ದೇಶ ಇದೇ ಆಗಿದೆ. ಕಪ್ಪುಹಲಗೆಯತ್ತ ಮುಖ ಮಾಡಿ ಪಾಠ ಹೇಳಿದರೆ, ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವ ಮಗುವಿಗೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಬರೆದು ಮುಗಿಸಿ, ಮಕ್ಕಳತ್ತ ತಿರುಗಿ ಮಾತನಾಡುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ಮಂದದೃಷ್ಟಿಯ ಮಗುವಿಗೆ ಹಲಗೆಯ ಸಮೀಪ ಸ್ಥಳ ನೀಡುವುದು, ಓದು ನಿಧಾನವಾದ ಮಗುವಿನಿಂದ ಮೌಖಿಕ ಉತ್ತರ ಪಡೆಯುವುದು ಇಂತಹವೇ ಕ್ರಮಗಳು. ಆನೆಗೊಂದಿಯಲ್ಲಿ ವಿಜಯನಗರದ ಇತಿಹಾಸ ಕಲಿಸುವಾಗ, ದೃಷ್ಟಿದೋಷವುಳ್ಳ ಮಗು ಕೋಟೆಯ ಕಲ್ಲುಗಳನ್ನು ಮುಟ್ಟಿ ತಿಳಿಯಬಹುದು. ಪುಸ್ತಕದ ಚಿತ್ರಕ್ಕಿಂತ ಅದು ಎಲ್ಲ ಮಕ್ಕಳಿಗೂ ಉತ್ತಮ ಪಾಠ. ಗಾಲಿಕುರ್ಚಿ ಬಳಸುವ ಮಗುವನ್ನು ಶಾಲೆಯಲ್ಲಿಯೇ ಬಿಟ್ಟು ಹೊರಸಂಚಾರ ಹೊರಡುವುದು ಸಮನ್ವಯ ಶಿಕ್ಷಣವಲ್ಲ. ಮಗುವನ್ನು ಹೆಸರಿನಿಂದಲೇ ಕರೆಯಬೇಕು. ಕುಂಟ, ಕಿವುಡ, ದಡ್ಡ ಎಂಬ ಪದಗಳನ್ನು ತರಗತಿಯಲ್ಲಿ ಯಾರೂ ಬಳಸಬಾರದು.

ಶಿಕ್ಷಕರು ದೀಕ್ಷಾ ಜಾಲತಾಣದಲ್ಲಿ ತರಬೇತಿ ಪಾಠಗಳನ್ನೂ ಸಂಜ್ಞಾ ಭಾಷೆಯ ವಿಡಿಯೋಗಳನ್ನೂ ಪಡೆಯಬಹುದು. ಮಕ್ಕಳ ಅಗತ್ಯಗಳನ್ನು ಆರಂಭದಲ್ಲಿಯೇ ಗುರುತಿಸಲು ಎನ್.ಸಿ.ಇ.ಆರ್.ಟಿ. 2022ರಲ್ಲಿ ‘ಪ್ರಶಸ್ತ್’ ಎಂಬ ಮೊಬೈಲ್ ತಪಾಸಣಾ ಪಟ್ಟಿಯನ್ನು ಬಿಡುಗಡೆ ಮಾಡಿದೆ. ಅದರ ಫಲಿತಾಂಶವು ವೈದ್ಯಕೀಯ ನಿರ್ಣಯವಲ್ಲ, ಪ್ರಮಾಣಪತ್ರವೂ ಅಲ್ಲ. ಮುಂದಿನ ಪರೀಕ್ಷೆಗೆ ಸೂಚನೆ ಮಾತ್ರ. ಹೆಚ್ಚಿನ ಮಾರ್ಗದರ್ಶನಕ್ಕೆ ಗಂಗಾವತಿಯ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು ಅಥವಾ ಮುನಿರಾಬಾದಿನ ಡಯಟ್ ಸಂಸ್ಥೆಯನ್ನು ಸಂಪರ್ಕಿಸಬಹುದು.

ಪ್ರಮಾಣಪತ್ರದ ಅಗತ್ಯ ಬೀಳುವುದು ಸೌಲಭ್ಯಗಳಿಗೆ. ಅಧಿನಿಯಮದಲ್ಲಿ 21 ಬಗೆಯ ಅಂಗವಿಕಲತೆಗಳನ್ನು ಹೆಸರಿಸಲಾಗಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ದೃಢಪಟ್ಟಲ್ಲಿ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, 18 ವರ್ಷದವರೆಗೆ ಉಚಿತ ಪುಸ್ತಕ ಹಾಗೂ ಸಾಧನ ಸಲಕರಣೆಗಳಿಗೆ ಮಗು ಅರ್ಹವಾಗುತ್ತದೆ. ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬೇಕು; ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಅಥವಾ ಲಿಪಿಕಾರರ ನೆರವು ಬೇಕಿದ್ದಲ್ಲಿ ಪರೀಕ್ಷೆ ಹತ್ತಿರ ಬರುವವರೆಗೆ ಕಾಯದೆ ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸುವುದು ಒಳಿತು.

ತೀವ್ರ ಅಥವಾ ಬಹುವಿಧ ಅಂಗವಿಕಲತೆಯ ಮಗುವಿಗೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯನ್ವಯ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕಿದೆ. ಈ ಆಯ್ಕೆ ಮಗುವಿನದೇ ಹೊರತು ಶಾಲೆಯದಲ್ಲ. ಪ್ರವೇಶ ನಿರಾಕರಿಸಿದಲ್ಲಿ, ಅಥವಾ ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳಿ ಎಂದು ಶಾಲೆಯವರು ಹೇಳಿದಲ್ಲಿ, ಗಂಗಾವತಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಲು ಕೋರಲಾಗಿದೆ. ಪರಿಹಾರ ದೊರೆಯದಿದ್ದಲ್ಲಿ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು.