ಜಠರದ ಬ್ಯಾಕ್ಟೀರಿಯಾಕ್ಕೆ ಲಸಿಕೆ ಏಕೆ ಕಷ್ಟ?

ಮಕ್ಕಳೇ, ‘ಬಹಳ ಖಾರ ತಿಂದರೆ ಹೊಟ್ಟೆಹುಣ್ಣಾಗುತ್ತದೆ’ ಎಂಬ ಮಾತನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ನೀವು ಕೇಳಿರಬಹುದು. ಆದರೆ ಜಠರದ ಹುಣ್ಣಿಗೆ ಮುಖ್ಯ ಕಾರಣ ಖಾರವಲ್ಲ, ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾ. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಆಮ್ಲದಲ್ಲಿ ಬದುಕುವುದು ಹೇಗೆ?

ಜಠರದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೆಚ್ಚಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಈ ಬ್ಯಾಕ್ಟೀರಿಯಾ ಮಾತ್ರ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ತಯಾರಿಸುತ್ತದೆ. ಅಮೋನಿಯಾ ಸುತ್ತಲಿನ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಆಗ ಬ್ಯಾಕ್ಟೀರಿಯಾ ಜಠರದ ಒಳಗೋಡೆಯ ಲೋಳೆಯೊಳಗೆ ನುಸುಳಿ ನೆಲೆಸುತ್ತದೆ.

ದೇಹ ಹೋರಾಡುವುದಿಲ್ಲವೇ?

ಹೋರಾಡುತ್ತದೆ. ಬಿಳಿ ರಕ್ತಕಣಗಳು ಧಾವಿಸುತ್ತವೆ, ರಕ್ತದಲ್ಲಿ ಪ್ರತಿಕಾಯಗಳು ಉಂಟಾಗುತ್ತವೆ. ಆದರೆ ಇವು ಲೋಳೆಯಲ್ಲಿ ಅಡಗಿದ ಬ್ಯಾಕ್ಟೀರಿಯಾವನ್ನು ಪೂರ್ತಿ ನಾಶಮಾಡಲಾರವು. ದಡಾರ ಒಮ್ಮೆ ಬಂದುಹೋದರೆ ದೇಹ ಅದನ್ನು ನೆನಪಿಟ್ಟುಕೊಂಡು ಮತ್ತೆ ಬಾರದಂತೆ ತಡೆಯುತ್ತದೆ. ದಡಾರದ ಲಸಿಕೆಯು ಇದೇ ಪಾಠವನ್ನು ರೋಗವಿಲ್ಲದೆ ಕಲಿಸುತ್ತದೆ. ಪೈಲೋರಿ ಹಾಗಲ್ಲ. ಚಿಕಿತ್ಸೆ ಪಡೆಯದಿದ್ದರೆ ಅದು ಹತ್ತಾರು ವರ್ಷ ಉಳಿಯಬಲ್ಲದು. ಆದ್ದರಿಂದ ಇದರ ಲಸಿಕೆಯು ರೋಗ ಕಲಿಸಿದ್ದಕ್ಕಿಂತ ಹೆಚ್ಚಿನದನ್ನು ದೇಹಕ್ಕೆ ಕಲಿಸಬೇಕು!

ಬಾಯಿಯ ದಾರಿ

ನಿಮ್ಮ ತಮ್ಮ ತಂಗಿಯರಿಗೆ ಹಾಕುವ ಪೋಲಿಯೊ ಹನಿ ನೆನಪಿಸಿಕೊಳ್ಳಿ. ಅದು ಕರುಳಿನ ಒಳಪೊರೆಯಲ್ಲೇ ಕಾವಲು ನಿಲ್ಲಿಸುತ್ತದೆ. ಚೀನಾದ ವಿಜ್ಞಾನಿಗಳೂ ಇದೇ ದಾರಿ ಹಿಡಿದು, ಯೂರಿಯೇಸಿನ ಒಂದು ಭಾಗದಿಂದ ಕುಡಿಯುವ ಲಸಿಕೆ ಮಾಡಿದರು. 6ರಿಂದ 15 ವರ್ಷದ ಸುಮಾರು 4,400 ಮಕ್ಕಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದವರಲ್ಲಿ ಮೊದಲ ವರ್ಷ ಸೋಂಕು ಶೇ. 72ರಷ್ಟು ಕಡಿಮೆಯಾಗಿತ್ತು. ಮೂರನೆಯ ವರ್ಷಕ್ಕೆ ರಕ್ಷಣೆ ಶೇ. 55ಕ್ಕೆ ಇಳಿಯಿತು. ದೇಹದ ನೆನಪನ್ನು ಗಟ್ಟಿಗೊಳಿಸುವುದೇ ಈಗಿನ ಸವಾಲು. ಸಾರ್ವಜನಿಕ ಬಳಕೆಗೆ ಲಸಿಕೆ ಇನ್ನೂ ಬಂದಿಲ್ಲ.

ನಾವೇನು ಮಾಡಬೇಕು?

ಈ ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲೇ ತಗಲುತ್ತದೆ. ಹೆಚ್ಚಿನವರಿಗೆ ತೊಂದರೆ ಕಾಣದು; ಕೆಲವರಿಗೆ ಹುಣ್ಣು, ಅಪರೂಪಕ್ಕೆ ಕ್ಯಾನ್ಸರ್ ಬರಬಹುದು. ಊಟಕ್ಕೆ ಮುಂಚೆ, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯಿರಿ. ಘಟಪ್ರಭೆಯ ನೀರಿರಲಿ, ಕೊಳವೆಬಾವಿಯದಿರಲಿ, ಕಾಯಿಸಿ ಆರಿಸಿ ಕುಡಿಯಿರಿ. ಹೊಟ್ಟೆನೋವು ಪದೇ ಪದೇ ಬಂದರೆ ವೈದ್ಯರಿಗೆ ತೋರಿಸಿ. ಈ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಗಳಿವೆ.

ಮಾಡಿ ನೋಡಿ: ಅರಿಸಿನ ಹಚ್ಚಿ ಒಣಗಿಸಿದ ಕಾಗದಕ್ಕೆ ಸಾಬೂನು ನೀರು ಹಾಕಿ. ಕೆಂಪಾಯಿತೇ? ಅದರ ಮೇಲೆ ನಿಂಬೆರಸ ಹಿಂಡಿ. ಹಳದಿ ಮರಳಿ ಬಂದುದೇಕೆ? ಪೈಲೋರಿಯ ಉಪಾಯದೊಂದಿಗೆ ಹೋಲಿಸಿ.