ನಿಮಗಿದು ಗೊತ್ತೇ? ಫೋನಿನೊಳಗೆ ದುಡ್ಡೇ ಇಲ್ಲ!

ಹೋಟೆಲಿನಲ್ಲಿ ಕಾಫಿ ಕುಡಿದಿರಿ. ಗಲ್ಲಾದ ಮುಂದಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ 20 ರೂಪಾಯಿ ಹಾಕಿದಿರಿ. ನಿಮ್ಮ ಫೋನಿನಿಂದ ಹೊರಬಿದ್ದ ದುಡ್ಡೆಷ್ಟು ಹೇಳಿ ನೋಡೋಣ? ಸೊನ್ನೆ! ಫೋನಿನಿಂದ ಹೋಗುವುದು ಬರೀ ಒಂದು ಅಪ್ಪಣೆ: ‘ನನ್ನ ಖಾತೆಯಲ್ಲಿ ಕಳೆ, ಅವರ ಖಾತೆಗೆ ಕೂಡು.’

ಆ ಅಪ್ಪಣೆ ಸುತ್ತುವ ಸುತ್ತು ನೋಡಿ. ಆ್ಯಪ್‌ನ ಬೆನ್ನಿಗಿರುವ ಬ್ಯಾಂಕು, ಅಲ್ಲಿಂದ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, ಅಲ್ಲಿಂದ ನಿಮ್ಮ ಬ್ಯಾಂಕು, ಮತ್ತೆ ಎನ್‌ಪಿಸಿಐ, ಆಮೇಲೆ ಹೋಟೆಲಿನವರ ಬ್ಯಾಂಕು, ಪುನಃ ಎನ್‌ಪಿಸಿಐ. ಇಷ್ಟೂ ತಿರುಗಾಟ ಫೋನು ಜೇಬು ಸೇರುವಷ್ಟರಲ್ಲಿ ಮುಗಿದಿರುತ್ತದೆ!

ಇನ್ನೂ ಮಜಾ ಇದೆ. ಇಬ್ಬರದೂ ಬೇರೆ ಬೇರೆ ಬ್ಯಾಂಕು ಅಂದುಕೊಳ್ಳಿ. ಹೋಟೆಲಿನವರ ಖಾತೆಯಲ್ಲಿ ನಿಮ್ಮ 20 ರೂಪಾಯಿ ಕಾಣಿಸಿಕೊಂಡ ಆ ಗಳಿಗೆಯಲ್ಲಿ ನಿಮ್ಮ ಬ್ಯಾಂಕು ಅವರ ಬ್ಯಾಂಕಿಗೆ ಒಂದು ಪೈಸೆಯನ್ನೂ ಕೊಟ್ಟಿರುವುದಿಲ್ಲ! ಎಲ್ಲ ಬರೆದಿಟ್ಟುಕೊಂಡು, ದಿನಕ್ಕೆ ಹಲವು ಸಲ ಲೆಕ್ಕ ಕೂಡಿ ಕಳೆದು, ಉಳಿದ ಬಾಕಿಯನ್ನಷ್ಟೇ ಚುಕ್ತಾ ಮಾಡುತ್ತಾರೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೇ ಸರಿ, ಬರೆಯುವವರು ಮಾತ್ರ ದೊಡ್ಡವರು!

ಹೋಟೆಲಿನವರ ಫೋನು ಸ್ವಿಚ್ ಆಫ್ ಆಗಿದ್ದರೂ ದುಡ್ಡು ತಲುಪುತ್ತದೆ. ಗಲ್ಲಾದ ಮುಂದೆ ಅಂಟಿಸಿದ ಆ ಚೌಕದಲ್ಲಿ ಇರುವುದೇ ಅವರ ಹೆಸರು, ಯುಪಿಐ ವಿಳಾಸ. ಇಷ್ಟು ರೂಪಾಯಿ ಬಂತು ಎಂದು ಕೂಗುವ ಸೌಂಡ್‌ಬಾಕ್ಸ್ ಇದೆಯಲ್ಲ, ಅದೂ ಮಾಲೀಕರ ಫೋನನ್ನು ಕಾಯುತ್ತ ಕೂತಿರುವುದಿಲ್ಲ. ಅದರ ಹೊಟ್ಟೆಯೊಳಗೆ ಅದರದೇ ಸಿಮ್! ದುಡ್ಡು ಹಾಕದೆಯೇ ಹಳೇ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವ ಗಿರಾಕಿಗಳಿಗೆ ಇದರಷ್ಟು ಕಂಟಕ ಬೇರೊಂದಿಲ್ಲ.

ಪಿನ್ ಒತ್ತುವ ಆ ಪುಟವನ್ನು ಒಮ್ಮೆ ಗಮನಿಸಿ. ಯಾವ ಆ್ಯಪ್ ತೆರೆದರೂ ಅದರ ರೂಪ ಹೆಚ್ಚುಕಡಿಮೆ ಒಂದೇ. ಯಾಕೆಂದರೆ ಅದು ಆ್ಯಪ್‌ನವರದ್ದಲ್ಲ, ಎನ್‌ಪಿಸಿಐ ಕೊಟ್ಟದ್ದು! ನೀವು ಒತ್ತಿದ ಅಂಕಿಗಳು ಅಲ್ಲೇ ಗುಪ್ತಲಿಪಿಯಾಗಿ ಹೊರಡುತ್ತವೆ. ದಿನಾ ಬಳಸುವ ಆ್ಯಪ್‌ಗೇ ನಿಮ್ಮ ಪಿನ್ ಗೊತ್ತಾಗುವುದಿಲ್ಲ! ಅಂದ ಹಾಗೆ, ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ‘ದುಡ್ಡು ಬರಬೇಕಾದರೆ ಪಿನ್ ಹಾಕಿ’ ಎಂದವನು ಕಳ್ಳ, ಎರಡನೇ ಮಾತಿಲ್ಲ.

ಇಷ್ಟೆಲ್ಲ ಹೊಸ ತಂತ್ರಜ್ಞಾನದ ಹೆಬ್ಬಾಗಿಲಲ್ಲಿ ಕಾವಲಿಗೆ ನಿಂತವರು ಯಾರು? ಹಳೇ ಎಸ್ಸೆಮ್ಮೆಸ್ಸು! ಹೊಸ ಫೋನಿನಲ್ಲಿ ಯುಪಿಐ ಶುರುಮಾಡುವಾಗ ನಿಮ್ಮ ಸಿಮ್ಮಿನಿಂದಲೇ ಒಂದು ಮೆಸೇಜು ಹೋಗುತ್ತದೆ. ಈ ನಂಬರು ಈ ಫೋನಿನಲ್ಲೇ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಕ್ಯುಆರ್ ಕೋಡ್ ಹುಟ್ಟಿದ್ದು ದುಡ್ಡಿಗಲ್ಲ, ಕಾರಿನ ಬಿಡಿಭಾಗಗಳ ಜಾಡು ಹಿಡಿಯಲು! 1994, ಜಪಾನಿನ ಡೆನ್ಸೊ ಕಂಪನಿ. ಎಂಜಿನಿಯರ್ ಮಸಾಹಿರೊ ಹರಾ ಅವರಿಗೆ ಇದು ಹೊಳೆದದ್ದು ಕಪ್ಪು-ಬಿಳಿ ಕಾಯಿಗಳ ‘ಗೋ’ ಆಟದ ಮಣೆಯಿಂದ. ಮೂಲೆಗಳಲ್ಲಿ ಮೂರು ಚೌಕ ಕಾಣುತ್ತವಲ್ಲ? ಅವುಗಳ ಕಪ್ಪು-ಬಿಳಿ ಪಟ್ಟಿಗಳ ಅಳತೆ 1:1:3:1:1. ಮ್ಯಾಗಜೀನು, ಕರಪತ್ರ, ರಟ್ಟಿನ ಡಬ್ಬಿ ಎಲ್ಲ ಜಾಲಾಡಿ, ಅಚ್ಚಿನಲ್ಲಿ ತೀರಾ ಅಪರೂಪವಾದ ಅಳತೆ ಇದೇ ಎಂದು ಆರಿಸಿಕೊಂಡರಂತೆ! ಗಟ್ಟಿ ಬಗೆಯ ಕೋಡಾದರೆ ಶೇ. 30ರಷ್ಟು ಹಾಳಾದರೂ ಓದಬಹುದು. ಸಾಂಬಾರ್ ಚೆಲ್ಲಿದ ಸ್ಟಿಕ್ಕರ್ ಕೂಡ ಕೆಲಸ ಮಾಡುವುದು ಅದಕ್ಕೇ!

ಕಿವಿಗೆ ಕೇಳದ ಸದ್ದಿನಲ್ಲೂ ವ್ಯಾಪಾರ ನಡೆದಿದೆ. ಇಂದಿನ ಗೂಗಲ್ ಪೇ 2017ರಲ್ಲಿ ನಮ್ಮ ದೇಶದಲ್ಲಿ ‘ತೇಜ್’ ಎಂಬ ಹೆಸರಲ್ಲಿ ಬಂದಾಗ ಅಕ್ಕಪಕ್ಕದ ಎರಡು ಫೋನುಗಳು ಶ್ರವಣಾತೀತ ಧ್ವನಿಯಲ್ಲಿ ಪರಸ್ಪರ ಗುರುತು ಹಿಡಿಯುತ್ತಿದ್ದವು. ಪಕ್ಕದಲ್ಲೇ ನಿಂತ ನಿಮಗೆ ಸುಳಿವೇ ಇಲ್ಲ!

ಸ್ವಲ್ಪ ಹಿಂದಕ್ಕೆ ಹೋಗೋಣ. 1997ರಲ್ಲೇ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಎಸ್ಸೆಮ್ಮೆಸ್ ಕಳಿಸಿ ಯಂತ್ರದಿಂದ ಕೋಕಾ-ಕೋಲಾ ಪಡೆಯಬಹುದಿತ್ತು! ನಮ್ಮ ದೇಶಕ್ಕೆ ಮೊಬೈಲ್ ಕಾಲಿಟ್ಟು ಆಗಿನ್ನೂ ಎರಡೇ ವರ್ಷ.

1999, ಕ್ಯಾಲಿಫೋರ್ನಿಯಾದ ಒಂದು ರೆಸ್ಟೋರೆಂಟು. ಹೂಡಿಕೆದಾರರು ಪಾಮ್ ಪೈಲಟ್ ಎಂಬ ಅಂಗೈಯಗಲದ ಕಂಪ್ಯೂಟರ್ ಹಿಡಿದು ಇನ್ಫ್ರಾರೆಡ್ ಕಿರಣದಲ್ಲಿ 30 ಲಕ್ಷ ಡಾಲರ್ ರವಾನಿಸಿಬಿಟ್ಟರು! ಪಡೆದ ಪುಟ್ಟ ಕಂಪನಿಯೇ ಮುಂದೆ ಪೇಪಾಲ್ ಆಯಿತು.

ನೀವು ದಿನವೂ ಕಳಿಸುವ ಎಮೋಜಿಗಳಿಗೂ ಮೊಬೈಲ್ ವ್ಯಾಪಾರದ ನಂಟಿದೆ. ಬ್ಯಾಂಕು, ಟಿಕೆಟ್ಟು, ಹವಾಮಾನ ಎಲ್ಲವನ್ನೂ ಫೋನಿಗೇ ತಂದ ಜಪಾನಿನ ಐ-ಮೋಡ್ ಸೇವೆಗಾಗಿ ಶಿಗೆತಾಕಾ ಕುರಿತಾ 176 ಪುಟಾಣಿ ಚಿತ್ರ ರಚಿಸಿದ್ದರು. ಇಂದು ನೋಡಿ, ಐ-ಮೋಡ್ ಹೋಯಿತು, ಎಮೋಜಿ ಉಳಿಯಿತು!

ಆಫ್ರಿಕಾದ ಕೆಲವೆಡೆ ಜನ ಮೊಬೈಲಿಗೆ ಹಾಕಿಸುವ ಕರೆನ್ಸಿಯನ್ನೇ ನಿಜವಾದ ಕರೆನ್ಸಿಯಂತೆ ಊರಿಗೆ ಕಳಿಸುತ್ತಿದ್ದರು! ಆಮೇಲೆ 2007ರಲ್ಲಿ ಕೀನ್ಯಾದಲ್ಲಿ ಎಂ-ಪೆಸಾ ಎಂಬ ಮೊಬೈಲ್ ದುಡ್ಡಿನ ಸೇವೆ ಬಂತು. ಮೊದಲು ಪ್ರಯೋಗಕ್ಕಿಟ್ಟದ್ದು ಕಿರುಸಾಲದ ಕಂತು ಕಟ್ಟಲು. ಜನ ಕೇಳಬೇಕಲ್ಲ? ಊರಿನ ಮನೆಗೆ ದುಡ್ಡು ಕಳಿಸಲು ಹಿಡಿದುಕೊಂಡರು. ಸಾದಾ ಬಟನ್ ಫೋನು ಸಾಕಿತ್ತು.

ನಮ್ಮಲ್ಲೂ ಇಂಟರ್ನೆಟ್ ಇಲ್ಲದೆ ಬಟನ್ ಫೋನಿನಲ್ಲೇ *99# ಒತ್ತಿ ದುಡ್ಡು ಕಳಿಸಬಹುದು, ಅದೂ ಕನ್ನಡದಲ್ಲಿ!

ಮಿಸ್ಡ್ ಕಾಲನ್ನೇ ವ್ಯಾಪಾರ ಮಾಡಿಕೊಂಡ ಕಂಪನಿ ಯಾವೂರಿನದು? ಬೆಂಗಳೂರಿನದು! ಹೆಸರು ಜಿಪ್‌ಡಯಲ್. ಯಾರೂ ಎತ್ತದ ಕರೆಗಳ ಈ ಕಂಪನಿಯನ್ನು 2015ರಲ್ಲಿ ಟ್ವಿಟರ್ ಕೊಂಡುಕೊಂಡಿತು.

ಅದೇ ವರ್ಷ ಅದೇ ಊರಿನ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿತು. ಬಟ್ಟೆ ಬೇಕೇ? ಆ್ಯಪ್ ಹಾಕಿಕೊಳ್ಳಿ! ಒಂದು ವರ್ಷ ಕಳೆಯಿತು, 2016ರ ಜೂನ್‌ನಲ್ಲಿ ವೆಬ್‌ಸೈಟ್ ಮರಳಿ ಬಂತು. ದೊಡ್ಡ ಪರದೆಯಲ್ಲಿ ಸೀರೆಯಂಚು ನೋಡುವ ಸುಖ ಬಿಡುವುದುಂಟೇ?

ಇನ್ನೊಂದು ಕೇಳಿ. 2025ರ ಜುಲೈನಲ್ಲಿ ಬೆಂಗಳೂರಿನ ಹಲವು ಬೇಕರಿ, ಟೀ ಅಂಗಡಿಗಳ ಕ್ಯುಆರ್ ಸ್ಟಿಕ್ಕರ್‌ಗಳು ಇದ್ದಕ್ಕಿದ್ದಂತೆ ಮಾಯ! ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕೊಟ್ಟಿತ್ತು. ‘ಓನ್ಲಿ ಕ್ಯಾಶ್’ ಚೀಟಿಗಳು ಮೇಲೆದ್ದವು. ಮರುತಿಂಗಳು ದೇಶದ ಯುಪಿಐ ಲೆಕ್ಕ ಏನಾಯಿತು? ಒಂದೇ ತಿಂಗಳ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ 2,000 ಕೋಟಿ ದಾಟಿತು!